ಹೆಬ್ಬಾವಿಗೆ ರಹದಾರಿ

ಹೆಬ್ಬಾವನ್ನು ಮನೆಯಲ್ಲಿ ಸಾಕಬಹುದೇ ಎಂದು ಯಾರಾದರೂ ಕೇಳಿದರೆ, ‘ಯಾವ ದೇಶದ ಹೆಬ್ಬಾವು?’ ಎಂದು ಮರುಪ್ರಶ್ನೆ ಹಾಕುವುದು ವಕೀಲನಾದ ನನಗೆ ಅನಿವಾರ್ಯವಾಗಿದೆ. ನಮ್ಮ ಕಾಡಿನ ಹೆಬ್ಬಾವು, ಗದ್ದೆಯ ಬದುವಿನಲ್ಲಿ ಸುಳಿಯುವ ಉಡ, ಚಿಪ್ಪಿನ ಮೇಲೆ ಚಿತ್ತಾರ ಹೊತ್ತ ನಕ್ಷತ್ರ ಆಮೆ, ಇವು ಮೂರೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿದವು. ಇವನ್ನು ಹಿಡಿದು ಮನೆಯಲ್ಲಿರಿಸಿಕೊಂಡವನ ಅಪರಾಧ ರುಜುವಾತಾದರೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ, ಏಳು ವರ್ಷದವರೆಗೂ ಹೋಗಬಹುದಾದ ಸೆರೆವಾಸವುಂಟು. ಪ್ರೀತಿಯಿಂದ ಸಾಕಿದೆನೆಂಬ ಸಮಜಾಯಿಷಿ ಅಲ್ಲಿ ನಡೆಯದು.

ಆಫ್ರಿಕದ ಬಾಲ್ ಪೈಥಾನಿನದಾಗಲಿ ದಕ್ಷಿಣ ಅಮೆರಿಕದ ಹಸಿರು ಇಗ್ವಾನದ್ದಾಗಲಿ ಮಾತು ಬೇರೆ. (ಬೆದರಿದಾಗ ಚೆಂಡಿನಂತೆ ಸುರುಳಿಯಾಗುವುದರಿಂದ ಆ ಹಾವಿಗೆ ಅಂಥ ಹೆಸರು.) ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಹತೋಟಿಯಲ್ಲಿಡಲು 1973ರಲ್ಲಿ ವಾಷಿಂಗ್ಟನ್ನಿನಲ್ಲಿ ಆದ ಸೈಟಿಸ್ ಒಪ್ಪಂದಕ್ಕೆ ನಮ್ಮ ದೇಶ 1976ರಲ್ಲಿಯೇ ಸೇರಿತು. ಆದರೆ ಒಪ್ಪಂದದ ಕಾವಲೆಲ್ಲ ಗಡಿಯಲ್ಲಿ. ಹೇಗೋ ಸುಂಕದ ಕಟ್ಟೆಯನ್ನು ದಾಟಿ ಒಳಬಂದ ಪರದೇಶದ ಪ್ರಾಣಿಯ ವಿಷಯದಲ್ಲಿ ನಮ್ಮ ವನ್ಯಜೀವಿ ಕಾಯಿದೆ ಬಹುಕಾಲ ಮೌನವಾಗಿತ್ತು. 2020ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರ ಒಂದು ಸಲಹಾಸೂತ್ರವನ್ನು ಹೊರಡಿಸಿತು: ಆರು ತಿಂಗಳೊಳಗೆ ತಾವಾಗಿಯೇ ಘೋಷಿಸಿಕೊಂಡವರಿಂದ ಕಾಗದಪತ್ರಗಳನ್ನು ಕೇಳುವುದಿಲ್ಲ. ಲೆಕ್ಕ ಸಿಗಬೇಕಾದರೆ ಇಷ್ಟು ಉದಾರತೆ ಬೇಕಿತ್ತೆಂದು ವಾದಿಸುವವರಿದ್ದಾರೆ. ಕಳ್ಳಮಾಲಿಗೂ ಒಳ್ಳೆಯ ಮಾಲಿಗೂ ಒಂದೇ ಮುದ್ರೆ ಬಿದ್ದಿತೆಂಬುದು ನನ್ನ ಅಭಿಪ್ರಾಯ.

ಈಗ ಆ ಸಡಿಲಿಕೆಯಿಲ್ಲ. 2022ರಲ್ಲಿ ಅಂಗೀಕಾರವಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಸೈಟಿಸ್ ಪಟ್ಟಿಯ ಪ್ರಾಣಿಗಳನ್ನು ಕಾಯಿದೆಯ ನಾಲ್ಕನೆಯ ಅನುಸೂಚಿಗೆ ಸೇರಿಸಿತು. 2024ರ ಫೆಬ್ರವರಿಯಲ್ಲಿ ನೋಂದಣಿಯ ನಿಯಮಗಳೂ ಬಂದವು. ಆ ವೇಳೆಗಾಗಲೇ ಇಂಥ ಪ್ರಾಣಿಯನ್ನು ಇಟ್ಟುಕೊಂಡಿದ್ದವರಿಗೆ ಆರು ತಿಂಗಳ ಅವಧಿ. ಅನಂತರ ಪಡೆದವರಿಗೆ ಮೂವತ್ತು ದಿನ. ಅರ್ಜಿ ಹೋಗುವುದು ‘ಪರಿವೇಶ್’ ಎಂಬ ಜಾಲತಾಣದ ಮೂಲಕ, ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ. ಪ್ರಾಣಿ ಮರಿ ಹಾಕಿದರೂ ಸತ್ತರೂ ಇನ್ನೊಬ್ಬರ ಕೈಗೆ ಹೋದರೂ ತಿಳಿಸಬೇಕು. ಊರಿನ ಜನನ ಮರಣ ದಾಖಲೆಯಂತೆಯೇ ಇದೂ ಒಂದು. ಕೇಳಿದವರು ನಗುತ್ತಾರೆ, ನನಗೇನೋ ಇದರಲ್ಲಿ ನಗುವಂಥದೇನೂ ಕಾಣದು.

ಏಕೆಂದರೆ, ನಮ್ಮ ಬಡಾವಣೆಯ ಗೃಹಸ್ಥರೊಬ್ಬರು ಅವಧಿಯೆಲ್ಲ ಮುಗಿದ ಮೇಲೆ ನನ್ನಲ್ಲಿಗೆ ಬಂದರು. ಮಗ ಯಾರಿಂದಲೋ ಇಗ್ವಾನವೊಂದನ್ನು ಕೊಂಡು ತಂದಿದ್ದ, ರಶೀದಿಯಿಲ್ಲ, ಪರವಾನಗಿಯಿಲ್ಲ. ತಂದಾಗ ಅದು ಅಂಗೈಯಗಲದ್ದು. ಮಗ ಓದಲೆಂದು ಪರವೂರಿಗೆ ಹೋದ. ತಂದೆಯ ಪಾಲಿಗೆ ಉಳಿದದ್ದು ಬಾಲ ಸೇರಿ ನಾಲ್ಕು ಅಡಿಯ ಪ್ರಾಣಿ. ‘ರಾಯರೇ, ರಾತ್ರಿ ಹೊತ್ತು ಕೆರೆ ಏರಿಯ ಮೇಲೆ ಬಿಟ್ಟುಬಂದರೆ ಯಾರಿಗೆ ತಿಳಿಯುತ್ತದೆ?’ ಎಂದು ಕೇಳಿದರು. ಕೆಟ್ಟವರಲ್ಲ, ದಣಿದವರು. ಬಿಡಕೂಡದು, ಇದ್ದದ್ದನ್ನು ಇದ್ದಂತೆ ಅರಣ್ಯ ಇಲಾಖೆಗೆ ಬರೆದುಕೊಡಿ ಎಂದೆ. ಮೂರು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಎಂಬುದು ಕಾಯಿದೆಯ ಸಾಮಾನ್ಯ ಶಿಕ್ಷೆ. ನಿಮಗೆ ತೊಂದರೆಯೇ ಬಾರದೆಂದು ಭರವಸೆ ಕೊಡಲು ನನ್ನಿಂದಾಗದೆಂಬುದನ್ನೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ ಬರೆದುಕೊಟ್ಟರು.

‘ಯಾರಿಗೆ ತಿಳಿಯುತ್ತದೆ’ ಎಂಬ ಮಾತಿಗೆ ಉತ್ತರ ಅಮೆರಿಕದ ಫ್ಲಾರಿಡಾದಲ್ಲಿದೆ. ಅಲ್ಲಿ ಸಾಕಿದ ಬರ್ಮಾ ಹೆಬ್ಬಾವುಗಳು ದೊಡ್ಡವಾದಂತೆ ಕೆಲವು ತಪ್ಪಿಸಿಕೊಂಡವು, ಕೆಲವನ್ನು ಒಡೆಯರೇ ಬಿಟ್ಟರು. ಎವರ್‌ಗ್ಲೇಡ್ಸ್ ಎಂಬ ಜವುಗು ಸೀಮೆ ಅವಕ್ಕೆ ತವರಿನಂತೆಯೇ ಒಗ್ಗಿತು. 2012ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ, ಅಲ್ಲಿಯ ರಸ್ತೆಗಳಲ್ಲಿ ಹಿಂದೆ ಧಾರಾಳವಾಗಿ ಕಾಣುತ್ತಿದ್ದ ರಕೂನ್ ಎಂಬ ಪ್ರಾಣಿ ಕಣ್ಣಿಗೆ ಬೀಳುವುದು ನೂರಕ್ಕೆ 99ರಷ್ಟು ಇಳಿದುಹೋಗಿತ್ತು. ಅದೇ ವರ್ಷ ಅಮೆರಿಕ ಸರ್ಕಾರ ಈ ಹಾವಿನ ಆಮದನ್ನು ನಿಷೇಧಿಸಿತು. ಹಾವು ಅಷ್ಟರಲ್ಲಿ ನೆಲೆಯೂರಿಯಾಗಿತ್ತು. ನಮ್ಮ ತಿದ್ದುಪಡಿಯಲ್ಲಿಯೂ ಇಂಥ ಆಕ್ರಮಣಕಾರಿ ಪರಜೀವಿಗಳ ಆಮದು, ಮಾರಾಟ, ಸಾಕಣೆಗಳನ್ನು ನಿರ್ಬಂಧಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಡಲಾಗಿದೆ.

2024ರ ಏಪ್ರಿಲಿನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರಿಗಿಳಿದ ಪ್ರಯಾಣಿಕನೊಬ್ಬನ ಪೆಟ್ಟಿಗೆಯಲ್ಲಿ ಹತ್ತು ಹಳದಿ ಅನಕೊಂಡಗಳು ಸಿಕ್ಕವು. ಪೂರ್ಣ ಬೆಳೆದರೆ ಇದು ಹತ್ತಡಿಗೂ ಮೀರಬಲ್ಲ ಹಾವು. ಆದುದರಿಂದ, ಇಂಥ ಪ್ರಾಣಿಯನ್ನು ಕೊಳ್ಳಹೊರಟ ಎಳೆಯರಿಗೆ ನಾನು ಹೇಳುವುದಿಷ್ಟು: ಮಾರುವವನನ್ನು ಬೆಲೆ ಕೇಳುವ ಮೊದಲು ಅದರ ನೋಂದಣಿ ಪತ್ರವನ್ನು ಕೇಳಿ; ಹೊರಗಿನಿಂದ ತಂದದ್ದಾದರೆ ಆಮದಿನ ಪರವಾನಗಿಯನ್ನೂ ಕೇಳಿ. ‘ಆಮೇಲೆ ಮಾಡಿಸಿಕೊಡುತ್ತೇನೆ’ ಎಂದನೋ, ಅಂಗಡಿಯ ಮೆಟ್ಟಿಲಿಳಿಯಿರಿ.