ಗಾಜಿನ ಮೇಲಿನ ಬಿಳಿ ಕಲೆ: ಕೈ ಸುಟ್ಟುಕೊಳ್ಳದೆ ತೆಗೆಯೋಣ

(ಆಗುಂಬೆ ಭಾಗದ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯರಿಗಾಗಿ ಮಾಡಿದ ಮಾತು)



ನಮ್ಮ ಕಡೆ ಈಗ ಹೋಂಸ್ಟೇಗಳು ಬಂದಿವೆ. ನಿಮ್ಮಲ್ಲಿ ಕೆಲವರು ಅಲ್ಲಿ ಕ್ಲೀನಿಂಗ್ ಕೆಲಸಕ್ಕೆ ಹೋಗ್ತೀರಿ. ಬಚ್ಚಲಿಗೆ ಗಾಜಿನ ಬಾಗಿಲು, ರೂಮಿಗೆ ದೊಡ್ಡ ಗಾಜಿನ ಕಿಟಕಿ. ಅದರ ಮೇಲೆ ಬಿಳಿ ಬಿಳಿ ಚುಕ್ಕೆ. ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗೋದಿಲ್ಲ. ಕೊನೆಗೆ ಆಸಿಡ್ ಬಾಟಲಿಗೆ ಕೈ ಹಾಕ್ತೀವಿ.

ನಾನೂ ಒಮ್ಮೆ ಹಾಗೇ ಮಾಡಿದೆ. ಬಾಗಿಲು ಹಾಕಿಕೊಂಡು ಬಚ್ಚಲಿನಲ್ಲಿ ಆಸಿಡ್ ಸುರಿದೆ. ಉಸಿರು ಕಟ್ಟಿ ಕೆಮ್ಮು ಬಂತು. ಅಲ್ಯೂಮಿನಿಯಂ ಚೌಕಟ್ಟು ಹಾಳಾಯಿತು. ಎರಡು ದಿನ ಮಲಗಿದ್ದೆ, ಕೂಲಿಯೂ ಹೋಯಿತು. ಆ ತಪ್ಪು ನಿಮ್ಮಿಂದ ಆಗಬಾರದು ಅಂತ ಈ ಮಾತು.

ಕಲೆ ಯಾಕೆ ಆಗುತ್ತದೆ?

ಅದು ಕೊಳೆಯಲ್ಲ, ನೀರಿನಲ್ಲಿರುವ ಸುಣ್ಣದ ಅಂಶ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳುತ್ತದೆ. ಮಳೆ ನೀರು ಮೆದು. ಆದರೆ ಆಳದ ಬೋರ್‌ವೆಲ್ ನೀರು ಬಂಡೆಯ ಸಂದಿಯಲ್ಲಿ ಬಹಳ ಕಾಲ ನಿಂತು ಕ್ಯಾಲ್ಸಿಯಂ, ಮೆಗ್ನೀಷಿಯಂ ಕರಗಿಸಿಕೊಂಡಿರಬಹುದು. ಅದೇ ಗಡಸು ನೀರು. ಹನಿ ಒಣಗಿದರೆ ನೀರು ಹೋಗುತ್ತದೆ, ಸುಣ್ಣ ಉಳಿಯುತ್ತದೆ. ಸೋಪು ಅದರ ಜೊತೆ ಸೇರಿ ಇನ್ನೂ ಜಿಗುಟಾಗುತ್ತದೆ. ಕಬ್ಬಿಣದ ಅಂಶ ಇದ್ದರೆ ಕಲೆ ಕೆಂಪಾಗುತ್ತದೆ.

ಹಿಂದೆ ಲಾಟೀನಿನ ಗಾಜನ್ನು ಬೂದಿ ಹಾಕಿ ಒರೆಸ್ತಿದ್ವಿ. ಮಸಿಗೆ ಅದು ಸರಿ. ಸುಣ್ಣದ ಕಲೆಗೆ ಬೂದಿ ನಡೆಯೋದಿಲ್ಲ, ಗಾಜಿಗೆ ಗೀರು ಬೀಳುತ್ತದೆ. ಸುಣ್ಣ ಕರಗೋದು ಹುಳಿಗೆ.

ತೆಗೆಯುವ ಕ್ರಮ

1. ಅರ್ಧ ಲೀಟರ್ ನೀರಿಗೆ ಒಂದು ದೊಡ್ಡ ಚಮಚ ನಿಂಬೆ ಉಪ್ಪು ಕರಗಿಸಿ. ಇಲ್ಲದಿದ್ದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಸೇರಿಸಿ. ಸ್ವಲ್ಪ ಕಲೆಗೆ ನಿಂಬೆಹೋಳೇ ಸಾಕು.
2. ಮೊದಲು ಒಂದು ಮೂಲೆಯಲ್ಲಿ ಹಚ್ಚಿ ನೋಡಿ.
3. ಬಟ್ಟೆ ಅದ್ದಿ ಗಾಜಿಗೆ ಅಂಟಿಸಿ, 10-15 ನಿಮಿಷ ಬಿಡಿ. ಒಣಗಲು ಬಿಡಬೇಡಿ.
4. ಮೆತ್ತನೆ ಬಟ್ಟೆಯಿಂದ ಉಜ್ಜಿ. ಸ್ಟೀಲ್ ನಾರು, ಮರಳು ಬೇಡ. ಹಳೇ ಕಲೆಗೆ ಎರಡು ಮೂರು ಸಲ ಮಾಡಿ.
5. ನೀರು ಹಾಕಿ ತೊಳೆದು, ಕೂಡಲೇ ಒಣಬಟ್ಟೆಯಲ್ಲಿ ಒರೆಸಿ. ಮಳೆಗಾಲದಲ್ಲಿ ಹಿಡಿದಿಟ್ಟ ಮಳೆ ನೀರಿನಿಂದ ತೊಳೆದರೆ ಇನ್ನೂ ಒಳ್ಳೆಯದು.

ಅಡುಗೆ ಸೋಡಾವನ್ನು ಹುಳಿಯ ಜೊತೆ ಬೆರೆಸಬೇಡಿ, ಎರಡರ ಶಕ್ತಿಯೂ ಹೋಗುತ್ತದೆ. ಏನು ಮಾಡಿದರೂ ಹೋಗದಿದ್ದರೆ ಗಾಜೇ ಸವೆದಿರಬಹುದು, ಅದನ್ನು ಯಜಮಾನರಿಗೆ ಮೊದಲೇ ಹೇಳಿ.

ಎಚ್ಚರಿಕೆ

ಶಹಾಬಾದ್ ಕಲ್ಲು, ಕಡಪ ಕಲ್ಲು, ಮಾರ್ಬಲ್ ಇವು ಸುಣ್ಣದ ಜಾತಿಯ ಕಲ್ಲುಗಳು. ಹುಳಿ ಬಿದ್ದರೆ ಮಂಕಾಗುತ್ತವೆ. ಕೆಳಗೆ ಗೋಣಿಯೋ ಪ್ಲಾಸ್ಟಿಕ್ಕೋ ಹಾಸಿ.

ಬ್ಲೀಚಿಂಗ್ ಪೌಡರ್ ಜೊತೆ ಆಸಿಡ್, ವಿನೆಗರ್, ನಿಂಬೆ ಉಪ್ಪು ಯಾವುದನ್ನೂ ಸೇರಿಸಬಾರದು. ಕ್ಲೋರಿನ್ ಎಂಬ ವಿಷಗಾಳಿ ಏಳುತ್ತದೆ. ಕಿಟಕಿ ತೆರೆದಿಡಿ, ಕೈಗೆ ರಬ್ಬರ್ ಗ್ಲೌಸ್ ಹಾಕಿ. ಕಣ್ಣಿಗೋ ಚರ್ಮಕ್ಕೋ ಆಸಿಡ್ ಸಿಡಿದರೆ 20 ನಿಮಿಷ ಹರಿಯುವ ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು. ಸ್ನಾನ ಆದ ಮೇಲೆ ಗಾಜನ್ನು ಒಂದು ಸಲ ವೈಪರ್‌ನಿಂದ ಎಳೆದರೆ ಕಲೆ ಕೂರೋದೇ ಇಲ್ಲ. ಬಾಗಿಲ ಹತ್ತಿರ ವೈಪರ್ ಇಡಲು ಯಜಮಾನರನ್ನು ಕೇಳಿ. ಗ್ಲೌಸ್ ಕೇಳಲೂ ನಾಚಿಕೆ ಬೇಡ. ಒಬ್ಬಳೇ ಕೇಳೋದು ಕಷ್ಟವಾದರೆ ಮುಂದಿನ ವಾರದ ಸಭೆಯಲ್ಲಿ ಮಾತಾಡಿ, ಎಲ್ಲರೂ ಸೇರಿ ಕೇಳೋಣ. ಸಂಘ ಇರೋದು ಸಾಲಕ್ಕೆ ಮಾತ್ರ ಅಲ್ಲವಲ್ಲ!