ಮಗ ಠಾಣೆಯಲ್ಲಿದ್ದಾನೆ ಎಂಬ ಫೋನ್ ಬಂದಾಗ

(ಜುಮಾ ಪ್ರವಚನದ ಸಾರಾಂಶ)

 



ಗಿಫಾರ್ ಗೋತ್ರದ ರಾಫಿಅ್ ಬಿನ್ ಅಮ್ರ್(ರ) ಹುಡುಗನಾಗಿದ್ದಾಗ ಅನ್ಸಾರ್‌ಗಳ ಖರ್ಜೂರದ ಮರಗಳಿಗೆ ಕಲ್ಲು ಹೊಡೆಯುತ್ತಿದ್ದರು. ಅವರನ್ನು ಹಿಡಿದು ಪ್ರವಾದಿ(ಸ)ರ ಮುಂದೆ ತಂದು ನಿಲ್ಲಿಸಲಾಯಿತು. ದೂರು ಸುಳ್ಳಲ್ಲ. ಆದರೂ ಪ್ರವಾದಿ(ಸ)ರು ಮೊದಲು ವಿಚಾರಿಸಿದ್ದು ಯಾಕೆ ಹೊಡೆಯುತ್ತೀ ಎಂದು. ತಿನ್ನಲಿಕ್ಕೆ ಎಂದ ಹುಡುಗ. ಕಲ್ಲು ಹೊಡೆಯುವುದು ಬೇಡ, ಬುಡದಲ್ಲಿ ಬಿದ್ದದ್ದನ್ನು ತಿನ್ನು ಎಂದು ಹೇಳಿ, ತಲೆ ಸವರಿ, ಅವನ ಹೊಟ್ಟೆ ತುಂಬಲಿ ಎಂದು ದುಆ ಮಾಡಿದರು. ಅಬೂದಾವೂದ್ ಮತ್ತು ತಿರ್ಮಿದಿ ಗ್ರಂಥಗಳಲ್ಲಿ ಇದು ವರದಿಯಾಗಿದೆ. ತೋಟದವನ ಹಕ್ಕೂ ಉಳಿಯಿತು, ಹುಡುಗನೂ ಉಳಿದ.

ನಮ್ಮ ಪುತ್ತೂರು, ಸುಳ್ಯ, ಕಡಬದಲ್ಲಿ ಖರ್ಜೂರವಿಲ್ಲ, ಅಡಿಕೆ ಇದೆ. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯನ್ನು ಹದಿನಾರರ ಹುಡುಗನೊಬ್ಬ ಗೋಣಿಗೆ ತುಂಬಿಕೊಂಡು ಸಿಕ್ಕಿಬಿದ್ದ ಎಂದಿಟ್ಟುಕೊಳ್ಳಿ. ಠಾಣೆಯಿಂದ ಮನೆಗೆ ಫೋನ್ ಬರುತ್ತದೆ. ತಂದೆ ಗಲ್ಫಿನಲ್ಲಿ, ಮನೆಯಲ್ಲಿ ಉಮ್ಮ ಒಬ್ಬರೇ. ಆಗ ಏನು ಮಾಡಬೇಕೆಂದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿದೆ?

ಬಾಲನ್ಯಾಯ ಕಾಯ್ದೆ 2015ರದ್ದು, ಜಾರಿಗೆ ಬಂದದ್ದು 2016ರ ಜನವರಿಯಲ್ಲಿ. 18 ತುಂಬದವನನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ಕೋಳ ಹಾಕುವಂತಿಲ್ಲ. ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯೇ ಅವನ ವಿಷಯ ನೋಡಬೇಕು. ಎಎಸ್‌ಐಗಿಂತ ಕೆಳಗಿನವರನ್ನು ಆ ಕೆಲಸಕ್ಕೆ ನೇಮಿಸುವಂತಿಲ್ಲ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಹೇಳಿಕೆಗೆ ಅವನಿಂದ ಸಹಿ ಹಾಕಿಸಿಕೊಳ್ಳಬಾರದು. ವಿಚಾರಣೆಯ ವೇಳೆ ತಾಯಿ ತಂದೆ ಹತ್ತಿರ ಇರಬಹುದು.

ಇಂಥ ಸಣ್ಣ ಕಳವಿಗೆ ಎಫ್‌ಐಆರ್ ಕೂಡ ಹಾಕಬಾರದು ಎನ್ನುತ್ತವೆ 2016ರ ಮಾದರಿ ನಿಯಮಗಳು. ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಹೆಚ್ಚಿರುವ ಘೋರ ಅಪರಾಧವಾದರೆ, ಇಲ್ಲವೇ ದೊಡ್ಡವರ ಜೊತೆ ಸೇರಿ ಮಾಡಿದ್ದಾದರೆ ಮಾತ್ರ ಎಫ್‌ಐಆರ್. ಉಳಿದದ್ದನ್ನು ಠಾಣೆಯ ದಿನಚರಿಯಲ್ಲಿ ಬರೆದು, ಹುಡುಗನ ಸಾಮಾಜಿಕ ಹಿನ್ನೆಲೆಯ ವರದಿಯೊಂದಿಗೆ ಮಂಡಳಿಗೆ ಕಳುಹಿಸಬೇಕು. ಆ ವರದಿಯ ನಮೂನೆಯನ್ನು ಒಮ್ಮೆ ಓದಿ ನೋಡಿ. ಮನೆಯಲ್ಲಿ ಯಾರಿದ್ದಾರೆ, ಶಾಲೆ ಬಿಟ್ಟದ್ದು ಯಾಕೆ, ಗೆಳೆಯರು ಯಾರು, ಚಟವಿದೆಯೇ ಎಂದೆಲ್ಲ ಕೇಳುತ್ತದೆ. ಮದೀನಾದಲ್ಲಿ ಆ ಹುಡುಗನಿಗೆ ಕೇಳಿದ್ದೂ ಇದೇ, ಯಾಕೆ ಎಂದು. ಅದಕ್ಕೆ ನಿಜವಾದ ಉತ್ತರ ಕೊಡಬೇಕಾದವರು ಮನೆಯವರು. ಮನೆಯವರೇ ಬಾರದಿದ್ದರೆ ಪೊಲೀಸರು ಏನು ಬರೆದಾರು?

ಆದರೆ ನಾವು ಮಾಡುವುದೇನು? ಹುಡುಗನನ್ನು ರಾತ್ರೋರಾತ್ರಿ ಸಂಬಂಧಿಕರ ಮನೆಗೆ ಸಾಗಿಸುತ್ತೇವೆ. ಇಲ್ಲವೇ, ಅವನು ನನ್ನ ಮಗನೇ ಅಲ್ಲ ಎಂದು ಕೈ ತೊಳೆದುಕೊಳ್ಳುತ್ತೇವೆ.

ಪೊಲೀಸರೆಂದರೆ ಹೆದರಿಕೆ ಯಾಕೆಂದು ನನಗೂ ಗೊತ್ತು. 2022ರ ಜುಲೈಯಲ್ಲಿ ಬೆಳ್ಳಾರೆಯ ಆಸುಪಾಸಿನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಎರಡು ಸಮುದಾಯದ ಇಬ್ಬರು ಯುವಕರ ಕೊಲೆಯಾಯಿತು. ಎರಡು ಮನೆಗಳ ತಾಯಂದಿರು ಅತ್ತರು. ಆಮೇಲೆ ಎನ್‌ಐಎ ಬಂತು, ಮನೆಗಳ ಶೋಧ ನಡೆಯಿತು. ಅಂದಿನಿಂದ ಖಾಕಿ ಕಂಡರೆ ಬಾಗಿಲು ಹಾಕುವ ಮನೆಗಳಿವೆ. ಆದರೆ ಅಡಿಕೆ ಕದ್ದ ಹುಡುಗನ ವಿಷಯವನ್ನು ಅದರ ಜೊತೆ ಬೆರೆಸಬೇಡಿ. ಬಾಗಿಲು ಹಾಕಿದರೆ, ಕಾಯ್ದೆ ಅವನಿಗೆ ಕೊಟ್ಟ ರಕ್ಷಣೆಯನ್ನು ಕೇಳಿ ಪಡೆಯುವವರೇ ಇರುವುದಿಲ್ಲ.

ಇನ್ನೊಂದು ಭಯ ಪಾಸ್‌ಪೋರ್ಟಿನದು. ಕೇಸು ಬಿದ್ದರೆ ನಾಳೆ ಗಲ್ಫಿಗೆ ಹೋಗುವುದು ಹೇಗೆ ಎಂದು ಕೇಳುತ್ತಾರೆ. ಇದೇ ಕಾಯ್ದೆಯ 24ನೇ ಕಲಮು, ಮಂಡಳಿ ತೀರ್ಮಾನಿಸಿದ ಪ್ರಕರಣದಿಂದ ಹುಡುಗನಿಗೆ ಮುಂದೆ ಯಾವ ಅನರ್ಹತೆಯೂ ಬರಬಾರದು, ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾಖಲೆ ನಾಶವಾಗಬೇಕು ಎನ್ನುತ್ತದೆ. 16 ತುಂಬಿ ಘೋರ ಅಪರಾಧ ಮಾಡಿ ದೊಡ್ಡವರಂತೆ ವಿಚಾರಣೆಗೆ ಒಳಗಾದವನಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಹೆಸರು, ಫೋಟೊ ಪ್ರಕಟಿಸುವುದಂತೂ 74ನೇ ಕಲಮಿನಂತೆ ಅಪರಾಧ. ಪತ್ರಿಕೆಯವರು ಇದನ್ನು ಪಾಲಿಸುತ್ತಾರೆ; ಫೋಟೊ ಹಂಚುವುದು ನಮ್ಮದೇ ವಾಟ್ಸಾಪ್ ಗುಂಪುಗಳು!

ಠಾಣೆಗೆ ಹೋಗುವಾಗ ಶಾಲೆಯ ಜನ್ಮದಿನಾಂಕದ ದಾಖಲೆ ಕೈಯಲ್ಲಿರಲಿ. ವಯಸ್ಸಿನ ಸಂಶಯ ಬಂದರೆ ಕಾನೂನು ಮೊದಲು ನೋಡುವುದು ಅದನ್ನೇ. ಹದಿನೇಳರ ಹುಡುಗನನ್ನು ಹತ್ತೊಂಬತ್ತು ಎಂದು ಬರೆದುಬಿಟ್ಟರೆ ಅವನ ದಾರಿಯೇ ಬೇರೆಯಾಗುತ್ತದೆ.

ಗಾಂಜಾ ವಿಷಯದಲ್ಲಿ ಒಂದು ಮಾತು. ಪೊಟ್ಟಣ ತಲುಪಿಸಲು ಮಕ್ಕಳನ್ನು ಬಳಸುವವನಿಗೆ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ ಇದೆ. ಪೊಟ್ಟಣ ಕೊಟ್ಟವನ ಹೆಸರನ್ನು ಮಗನಿಂದ ತಿಳಿದುಕೊಂಡು ಅಧಿಕಾರಿಗೆ ಹೇಳಿ. ಊರಿನ ದೊಡ್ಡ ಮನುಷ್ಯನೆಂದು ಅವನನ್ನು ಉಳಿಸಿ ನಮ್ಮ ಮಗುವನ್ನು ಬಲಿ ಕೊಡುವುದು ಯಾವ ನ್ಯಾಯ?

ಬೈಕಿನ ಕೀಲಿಯಂತೂ ನಾವೇ ಕೊಡುವುದು. 2019ರ ತಿದ್ದುಪಡಿಯಂತೆ ಅಪ್ರಾಪ್ತ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸೂ ಇಲ್ಲ.

ಜಮಾಅತ್ ಕಮಿಟಿಯವರಲ್ಲಿ ಒಂದು ಕೋರಿಕೆ. ಈ ವಾರವೇ ನಿಮ್ಮ ಠಾಣೆಗೆ ಹೋಗಿ ಮಕ್ಕಳ ಕಲ್ಯಾಣ ಅಧಿಕಾರಿ ಯಾರೆಂದು ಕೇಳಿ ಪರಿಚಯ ಮಾಡಿಕೊಳ್ಳಿ. ಅವರ ನಂಬರ್, ಮಕ್ಕಳ ಸಹಾಯವಾಣಿ 1098, ಜೊತೆಗೆ ನಡುರಾತ್ರಿ ಕರೆದರೂ ಠಾಣೆಗೆ ಬರಬಲ್ಲ ನಮ್ಮ ಇಬ್ಬರ ನಂಬರನ್ನು ಮಸೀದಿಯ ನೋಟಿಸ್ ಬೋರ್ಡಿನಲ್ಲಿ ಬರೆದು ಹಾಕಿ. ತಂದೆ ಊರಲ್ಲಿಲ್ಲದ ಮನೆಗಳಿಗೆ ಅದನ್ನು ಚೀಟಿಯಲ್ಲಿ ಬರೆದು ತಲುಪಿಸಿ.