ಮಾನಿಟರ್ ತಗೊಳ್ಳೋ ಮುಂಚೆ ಅದರ ಬೆನ್ನು ನೋಡಿ

ಕಳೆದ ವಾರ ದಾವಣಗೆರೆಯಿಂದ ನನ್ನ ತಮ್ಮ ಫೋನ್ ಮಾಡಿದ್ದ. "ಅಣ್ಣಾ, ಆಫರ್ ಇವತ್ತು ರಾತ್ರಿಗೇ ಮುಗಿಯುತ್ತೆ. 27 ಇಂಚು, ಕ್ಯುಎಚ್‌ಡಿ, 180 ಹರ್ಟ್ಜ್. ಹಾಕ್ಬಿಡ್ಲಾ?" ಹಗಲೆಲ್ಲ ಅವನು ಮನೆಯಲ್ಲೇ ಕೂತು ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡ್ತಾನೆ, ರಾತ್ರಿ ಪಿಎಸ್5. ಎರಡಕ್ಕೂ ಒಂದೇ ಮಾನಿಟರ್ ಬೇಕು. ದುಡ್ಡು ಅವನ ಮೊದಲನೇ ಬೋನಸ್‌ದು. ನಾನು "ಒಂದ್ನಿಮಿಷ ತಡಿಯೋ" ಅಂದೆ. ಯಾಕಂದ್ರೆ ಇದೇ ಆತುರದಲ್ಲಿ ನಾನು ಒಮ್ಮೆ ಕೈ ಸುಟ್ಕೊಂಡಿದ್ದೀನಿ.

ನಾನು ತಗೊಂಡಿದ್ದು 4ಕೆ, 144 ಹರ್ಟ್ಜ್ ಮಾನಿಟರ್. ಪೆಟ್ಟಿಗೆ ಮೇಲೆ ದಪ್ಪಕ್ಷರದಲ್ಲಿ 144 ಅಂತಲೇ ಇತ್ತು. ಮನೆಗೆ ತಂದು ಪಿಎಸ್5 ಜೋಡಿಸಿದೆ. ಚಿತ್ರ ಚೆನ್ನಾಗಿತ್ತು, ಖುಷಿನೂ ಆಯ್ತು. ಹತ್ತು ದಿನ ಆದ್ಮೇಲೆ ಸೆಟ್ಟಿಂಗ್ಸ್ ಒಳಗೆ ಹೋಗಿ ನೋಡಿದ್ರೆ, 4ಕೆಯಲ್ಲಿ 60 ಹರ್ಟ್ಜ್ ದಾಟ್ತಾನೇ ಇಲ್ಲ! ಆ 144 ಬರೋದು ಡಿಸ್‌ಪ್ಲೇಪೋರ್ಟ್ ಅನ್ನೋ ಕಿಂಡಿಯಿಂದ ಮಾತ್ರ. ಪಿಎಸ್5ನಲ್ಲಿ ಆ ಕಿಂಡಿನೇ ಇಲ್ಲ, ಇರೋದು ಎಚ್‌ಡಿಎಂಐ ಒಂದೇ. ವಾಪಸ್ ಕೊಡೋ ಅವಧಿ ಅಷ್ಟೊತ್ತಿಗೆ ಮುಗಿದಿತ್ತು.

ವಿಷಯ ಇಷ್ಟೇ. ನನ್ನ ಮಾನಿಟರ್‌ನಲ್ಲಿದ್ದ ಎಚ್‌ಡಿಎಂಐ 2.0 ಸೆಕೆಂಡಿಗೆ 18 ಗಿಗಾಬಿಟ್ ಸಾಗಿಸುತ್ತೆ. 4ಕೆ 60ಕ್ಕೆ ಅದು ಸಾಕು, 4ಕೆ 120ಕ್ಕೆ ಸಾಲಲ್ಲ. ಎಚ್‌ಡಿಎಂಐ 2.1 ಗರಿಷ್ಠ 48 ಗಿಗಾಬಿಟ್‌ವರೆಗೆ ಹೋಗುತ್ತೆ. ಸಂಪ್‌ನಲ್ಲಿ ಎಷ್ಟೇ ನೀರಿರಲಿ, ಪೈಪ್ ಸಣ್ಣದಾದ್ರೆ ನಲ್ಲಿಲಿ ಬರೋದು ಅಷ್ಟೇ ತಾನೆ?

"ಹಾಗಾದ್ರೆ 2.1 ಅಂತ ಬರೆದಿರೋದು ತಗೊಂಡ್ರೆ ಆಯ್ತಲ್ಲ" ಅಂದ ತಮ್ಮ. ಅಲ್ಲೂ ಒಂದು ಕಿತಾಪತಿ ಇದೆ. 2.1ರ ಹೊಸ ಸೌಲಭ್ಯಗಳು ಯಾವುವೂ ಕಡ್ಡಾಯ ಅಲ್ಲ. ಹಳೇ 2.0 ಮಟ್ಟದ ಕಿಂಡಿಗೂ 2.1 ಅಂತ ಹೆಸರಿಡೋಕೆ ನಿಯಮದಲ್ಲಿ ಅವಕಾಶ ಇದೆ ಅನ್ನೋದು 2021ರ ಕೊನೆಯಲ್ಲಿ ದೊಡ್ಡ ಸುದ್ದಿ ಆಗಿತ್ತು. ಹಾಗಾಗಿ ಪೆಟ್ಟಿಗೆ ಮೇಲಿನ ಅಂಕಿ ನಂಬಬೇಡಿ. ಕಂಪನಿ ಸೈಟ್‌ನಲ್ಲಿರೋ ವಿವರಪಟ್ಟಿ ತೆಗೆದು, ಎಚ್‌ಡಿಎಂಐ ಸಾಲಿನ ಎದುರು ಯಾವ ರೆಸಲ್ಯೂಷನ್‌ಗೆ ಎಷ್ಟು ಹರ್ಟ್ಜ್ ಅಂತ ಓದಿ. ಅಂದಹಾಗೆ ಪಿಎಸ್5ನ ಮಿತಿನೇ 120. ಮಾನಿಟರ್ 180 ಆದ್ರೂ ಅಷ್ಟೇ, 240 ಆದ್ರೂ ಅಷ್ಟೇ.

ಅದೇ ಸಾಲಲ್ಲಿ ವಿಆರ್‌ಆರ್ ಅಂತ ಇದೆಯಾ ನೋಡಿ. ಗೇಮ್‌ನ ಫ್ರೇಮ್ ಏರಿಳಿತಕ್ಕೆ ತಕ್ಕಂತೆ ಪರದೆಯೂ ವೇಗ ಬದಲಿಸಿಕೊಳ್ಳೋದು ಅಂತ ಅದರರ್ಥ. ಅದಿಲ್ಲದಿದ್ರೆ ಕೆಲವು ಗೇಮ್‌ಗಳಲ್ಲಿ ಚಿತ್ರ ಅಡ್ಡಡ್ಡ ಹರಿದ ಹಾಗೆ ಕಾಣುತ್ತೆ, ಇಲ್ಲಾ ಎಳೆದೆಳೆದು ಓಡುತ್ತೆ. ಪಿಎಸ್5ಗೆ ಇದು ಬಂದಿದ್ದು 2022ರ ಏಪ್ರಿಲ್‌ನಲ್ಲಿ. ಫ್ರೀಸಿಂಕ್ ಸ್ಟಿಕ್ಕರ್ ನೋಡಿ ಸಮಾಧಾನ ಆಗ್ಬೇಡಿ, ಪಿಎಸ್5ಗೆ ಎಚ್‌ಡಿಎಂಐ ವಿಆರ್‌ಆರ್ ಇರಲೇಬೇಕು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಎಸ್ ಇಟ್ಕೊಂಡಿರೋರಿಗೆ ಈ ತಲೆನೋವು ಕಮ್ಮಿ, ಅವಕ್ಕೆ ಫ್ರೀಸಿಂಕೂ ಗೊತ್ತು.

ಈಗ ಕೆಲಸದ ಮಾತು. ತಮ್ಮ ಗೇಮ್ ಆಡೋದು ದಿನಕ್ಕೆ ಒಂದೂವರೆ ಗಂಟೆ, ಎಕ್ಸೆಲ್ ಶೀಟ್ ನೋಡೋದು ಒಂಬತ್ತು ಗಂಟೆ. ನನ್ನ ಪ್ರಕಾರ ದುಡ್ಡು ಮೊದಲು ಆ ಒಂಬತ್ತು ಗಂಟೆಗೆ ಹೋಗ್ಬೇಕು. 27 ಇಂಚಿನ ಕ್ಯುಎಚ್‌ಡಿಯಲ್ಲಿ ಇಂಚಿಗೆ ಸುಮಾರು 109 ಪಿಕ್ಸೆಲ್ ಸಿಗುತ್ತೆ. "ಇನ್ನೂ ದೊಡ್ಡದು ತಗೋತೀನಿ" ಅಂತ 32 ಇಂಚಿಗೆ ಹೋದ್ರೆ ಅದೇ 92ಕ್ಕೆ ಇಳಿಯುತ್ತೆ, ಅಂದ್ರೆ 24 ಇಂಚಿನ ಫುಲ್ ಎಚ್‌ಡಿಯಷ್ಟೇ. 27 ಇಂಚಿನ 4ಕೆಯಲ್ಲಿ 163. ಕನ್ನಡ ಓದೋರಿಗೆ ಈ ವ್ಯತ್ಯಾಸ ತಕ್ಷಣ ಗೊತ್ತಾಗುತ್ತೆ. ಪಿಕ್ಸೆಲ್ ಕಮ್ಮಿ ಇದ್ರೆ ಸಣ್ಣ ಅಕ್ಷರದ ಒತ್ತುಗಳು ಕಲಸಿ ಮುದ್ದೆ ಆಗ್ತವೆ. ಓಎಲ್‌ಇಡಿ ನೋಡೋಕೆ ಬಲು ಚೆಂದ, ಆದ್ರೆ ದಿನವಿಡೀ ಒಂದೇ ಟಾಸ್ಕ್‌ಬಾರ್ ನಿಂತಿರೋ ಪರದೆಗೆ ಅಚ್ಚು ಉಳಿಯೋ ಭಯ ಇದ್ದೇ ಇದೆ. ನಾನಾದ್ರೆ ಹಾಕಲ್ಲ.

ತಮ್ಮನ ಬಜೆಟ್‌ಗೆ ಕ್ಯುಎಚ್‌ಡಿನೇ ಸರಿ. 2022ರ ಸೆಪ್ಟೆಂಬರ್ ಅಪ್‌ಡೇಟ್‌ನಿಂದ ಪಿಎಸ್5 ಅದಕ್ಕೂ ನೇರವಾಗಿ ಚಿತ್ರ ಕೊಡುತ್ತೆ. ಆ ಆಫರ್ ಮಾನಿಟರ್‌ನ ವಿವರಪಟ್ಟಿ ಇಬ್ಬರೂ ಫೋನಲ್ಲೇ ತೆಗೆದು ನೋಡಿದ್ವಿ. ಎಚ್‌ಡಿಎಂಐ 2.0, ವಿಆರ್‌ಆರ್ ಡಿಸ್‌ಪ್ಲೇಪೋರ್ಟ್‌ಗೆ ಮಾತ್ರ. 120 ಹರ್ಟ್ಜ್ ಬರ್ತಿತ್ತು, ವಿಆರ್‌ಆರ್ ಇಲ್ಲ. ಬಿಟ್ಟ. ಸ್ವಲ್ಪ ಮುಖ ಊದಿಸಿಕೊಂಡೇ ಬಿಟ್ಟ ಅನ್ನಿ.

ಮೂರು ದಿನ ಆದ್ಮೇಲೆ ಎಚ್‌ಡಿಎಂಐನಲ್ಲೇ ವಿಆರ್‌ಆರ್ ಇರೋ ಬೇರೊಂದು ಸಿಕ್ತು, ಎರಡು ಸಾವಿರ ಜಾಸ್ತಿ. ಭಾನುವಾರ ಡೆಲಿವರಿ ಇದೆ. ಪಿಎಸ್5 ಜೊತೆ ಬಂದ ಕೇಬಲ್ಲನ್ನೇ ಹಾಕು, 120 ಹರ್ಟ್ಜ್ ಇರೋ ಗೇಮ್ ಒಂದನ್ನ ಓಡಿಸಿ, 'ಸ್ಕ್ರೀನ್ ಅಂಡ್ ವಿಡಿಯೋ'ದಲ್ಲಿ ಎಷ್ಟು ತೋರಿಸುತ್ತೋ ಅದರ ಫೋಟೋ ಅವತ್ತೇ ಕಳಿಸು ಅಂದಿದ್ದೀನಿ. ಹತ್ತು ದಿನ ಬಿಟ್ಟಲ್ಲ.